ಮೀನುಗಳಿಗೊಂದು ಕರೆಯೋಲೆ

"ಇಷ್ಟು ದಿನ ನಾನು ಮೀನಿನ ಹಿಂದೆ ಬಿದ್ದಿದ್ದು ಸಾಕು. ಇನ್ನು ಮೇಲೆ ಮೀನೇ ನನ್ನ ಹಿಂದೆ ಬೀಳಬೇಕು. ಹಾಗೆ ಮಾಡ್ತೀನಿ, ನೋಡ್ತಿರು," ಎಂದು ವಿಜ್ಞಾನಿ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿದ.

ಹೆಂಡತಿ ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಕೋಟಿನ ತೋಳಿನ ಅಂಚು ಮಡಿಸುತ್ತಿದ್ದಳು. ಬಾಯಲ್ಲಿ ಪಿನ್ನಿದ್ದುದರಿಂದ ಉತ್ತರ ಬರಲಿಲ್ಲ. ಬರದೇ ಇದ್ದದ್ದೇ ಒಳ್ಳೆಯದಾಯಿತು.

ವಿಜ್ಞಾನಿ ಎಂದರೆ ಪ್ರಯೋಗಾಲಯದಲ್ಲಿ ಕೂತು ಲೋಕೋದ್ಧಾರ ಮಾಡುವ ವಿಜ್ಞಾನಿಯಲ್ಲ. ಅವನು ಲಿಫ್ಟ್ ಮೆಕ್ಯಾನಿಕ್. ಯಾವ ಕಟ್ಟಡದ ಲಿಫ್ಟ್ ಕೆಟ್ಟು ನಿಂತರೂ ಸ್ಪ್ಯಾನರ್ ಎತ್ತುವ ಮೊದಲು ಅರ್ಧ ಗಂಟೆ ಅದರ ಕಾರಣವನ್ನು ವಿವರಿಸುತ್ತಾನೆಂದು ಜೊತೆಯ ಕೆಲಸಗಾರರು ಆ ಹೆಸರಿಟ್ಟಿದ್ದರು. ಅವರು ಇಟ್ಟದ್ದು ಗೇಲಿಗೆ. ಇವನು ಅದನ್ನು ಬಿರುದು ಎಂದುಕೊಂಡು ಇಪ್ಪತ್ತು ವರ್ಷದಿಂದ ಹೊತ್ತು ತಿರುಗುತ್ತಿದ್ದ.

ವಾರವಿಡೀ ಲಿಫ್ಟಿನ ಕತ್ತಲೆ ಗುಂಡಿಯಲ್ಲಿ ಗ್ರೀಸು ಬಳಿದುಕೊಂಡು ಕೂರುವ ಮನುಷ್ಯನಿಗೆ ಭಾನುವಾರ ಒಂದಿಷ್ಟು ಆಕಾಶ ಬೇಕು ಅನ್ನಿಸಿದರೆ ತಪ್ಪೇನೂ ಅಲ್ಲ. ಬಂದರಿನ ಪಕ್ಕ ಕಡಲೊಳಗೆ ಚಾಚಿಕೊಂಡಿರುವ ಕಲ್ಲಿನ ಕಟ್ಟೆಯ ಮೇಲೆ ಹೋಗಿ ಗಾಳ ಹಾಕಿ ಕೂರುತ್ತಿದ್ದ. ಕೂರುತ್ತಿದ್ದ, ಅಷ್ಟೇ. ಹದಿನಾಲ್ಕು ಭಾನುವಾರಗಳಲ್ಲಿ ಅವನ ಗಾಳಕ್ಕೆ ಸಿಕ್ಕಿದ್ದು ಬಟ್ಟೆ ಕಳೆದುಕೊಂಡ ಒಂದು ಕೊಡೆ ಮಾತ್ರ. ಅದನ್ನೂ ಎಳೆಯುವಾಗ ಎಂಥ ಭಾರೀ ಮೀನು ಎಂದು ಸುತ್ತಲಿನವರೆಲ್ಲ ಎದ್ದು ನಿಂತಿದ್ದರು.

ಮೀನು ಬೆಳೆಯಲಿಲ್ಲವಾದರೂ ಸಾಮಾನು ಬೆಳೆಯಿತು. ನಾಲ್ಕು ಗಾಳದ ಕೋಲು, ಎರಡು ಬಲೆ, ಮಡಿಸುವ ಕುರ್ಚಿ, ಬಕೆಟ್ಟು, ಕೊಕ್ಕೆ ದಾರಗಳ ಮೂರು ಪೆಟ್ಟಿಗೆ. ಇಷ್ಟೂ ಸೇರಿ ಐದನೇ ಮಹಡಿಯ ಆ ಪುಟ್ಟ ಮನೆಯ ಬಾಲ್ಕನಿಯನ್ನು ವಶಪಡಿಸಿಕೊಂಡವು. ಆ ಬಾಲ್ಕನಿಯ ಬೆಳಕಿನಲ್ಲಿ ಇರಬೇಕಾಗಿದ್ದ ಹೆಂಡತಿಯ ಹೊಲಿಗೆ ಮಶೀನು ಅಡುಗೆಮನೆಯಲ್ಲಿ, ಫ್ರಿಜ್ಜಿಗೂ ಒಲೆಗೂ ನಡುವೆ ಮೈ ಮುದುರಿಕೊಂಡು ನಿಂತಿತ್ತು. ಹೊಲಿದಿಟ್ಟ ಬಟ್ಟೆಗಳು ಅಡುಗೆಮನೆಯ ಬಾಗಿಲಿಗೇ ತೂಗುತ್ತಿದ್ದವು. ಬಾಲ್ಕನಿ ಬಿಟ್ಟುಕೊಡಿ ಎಂದು ಅವಳು ಕೇಳಿದಾಗಲೆಲ್ಲ, "ಒಂದು ಮೀನು ಸಿಗಲಿ, ಆಮೇಲೆ ಮಾತಾಡೋಣ," ಎನ್ನುತ್ತಿದ್ದ. ಮೀನು ಸಿಗುತ್ತಿರಲಿಲ್ಲ. ಮಾತೂ ಆಗುತ್ತಿರಲಿಲ್ಲ.

ಈಗ ಅವನ ತಲೆ ಹೊಕ್ಕದ್ದು ಎರೆಡಬ್ಬಿ. ಸಂಗತಿ ಸರಳ. ಒಂದು ಗೇಣುದ್ದದ ಪ್ಲಾಸ್ಟಿಕ್ ಪೈಪಿಗೆ ಮೈತುಂಬ ತೂತು ಕೊರೆದು, ಎರಡು ಕಡೆಗೂ ಮುಚ್ಚಳ ಹಾಕಿ, ತಳಕ್ಕೆ ಸೀಸದ ತುಂಡು ಕಟ್ಟುವುದು. ಒಳಗೆ ಅರೆದ ಮೀನು, ನೆನೆಸಿದ ಬ್ರೆಡ್ಡು, ಮೀನೆಣ್ಣೆ ಕಲಸಿ ತುಂಬಿ ಹಗ್ಗ ಕಟ್ಟಿ ಕಡಲಿಗೆ ಇಳಿಬಿಡುವುದು. ತೂತುಗಳಿಂದ ಚೂರು ಚೂರೇ ಹೊರಬಂದು ನೀರಿನಲ್ಲಿ ವಾಸನೆ ಹರಡುತ್ತದೆ. ವಾಸನೆಯ ಜಾಡು ಹಿಡಿದು ಮೀನು ಬರುತ್ತವೆ. ಬಂದರೆ ಅಲ್ಲೇ ಪಕ್ಕದಲ್ಲಿ ಗಾಳ.

"ಹೋಟ್ಲು ಬಾಗಿಲಲ್ಲಿ ಪೊಲೀಸ್ ನಿಂತ ಹಾಗೆ ಕಣೇ," ಎಂದು ವಿಜ್ಞಾನಿ ವಿವರಿಸಿದ.

ಹೆಂಡತಿ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದಳು. "ಈ ಪೊಲೀಸಿಗೆ ಹದಿನಾಲ್ಕು ವಾರದಿಂದ ಒಬ್ಬ ಕಳ್ಳನೂ ಸಿಕ್ಕಿಲ್ಲ."

ಗುರುವಾರ ಅವಳು ದಾರದ ಉಂಡೆ ತರಲು ಹೊರಗೆ ಹೋದ ಹೊತ್ತು ನೋಡಿ ವಿಜ್ಞಾನಿ ಒಂದು ಕಿಲೋ ಸಣ್ಣ ಮೀನನ್ನು ಮಿಕ್ಸಿಗೆ ಸುರಿದ. ಲಿಫ್ಟಿನ ಬಾಗಿಲು ಒಂದು ಕೂದಲೆಳೆ ತೆರೆದಿದ್ದರೂ ಮೋಟಾರು ಓಡದಂತೆ ನೋಡಿಕೊಳ್ಳುವ ಪುಣ್ಯಾತ್ಮ ಮಿಕ್ಸಿಯ ಮುಚ್ಚಳ ಒತ್ತಿ ಹಿಡಿಯುವುದನ್ನು ಮರೆತ. ಗುಂಡಿ ತಿರುಗಿಸಿದ್ದೇ ತಡ, ಮುಚ್ಚಳ ಹಾರಿ ಗೋಡೆ, ಗಡಿಯಾರ, ವಿಜ್ಞಾನಿಯ ಮೀಸೆ ಎಲ್ಲವೂ ಮೀನುಮಯವಾಯಿತು. ಗೋಡೆ ಒರೆಸಿದ. ಗಡಿಯಾರ ಒರೆಸಿದ. ಮೀಸೆ ತೊಳೆದ. ಆಮೇಲೆ ಬಾಗಿಲಿನ ಕಡೆ ತಿರುಗಿದರೆ ಅಲ್ಲಿ ತೂಗುತ್ತಿದ್ದ ಕೋಟಿನ ಬೆನ್ನ ಮೇಲೆ ಅಂಗೈಯಗಲದ ಮೀನು.

ಅದು ಹೆಂಡತಿಯ ಗಿರಾಕಿ ಬ್ಯಾಂಕ್ ಮೇಡಂ ಅವರ ಕೋಟು. ವಿಜ್ಞಾನಿ ಅದನ್ನು ಕೆಳಗಿಳಿಸಿದ. ಒದ್ದೆ ಬಟ್ಟೆಯಿಂದ ಉಜ್ಜಿದ, ಫ್ಯಾನಿಗೆ ಹಿಡಿದ, ಮೇಲೆ ಮುಖದ ಪೌಡರ್ ಉದುರಿಸಿ ಕೊಡವಿದ. ಕಲೆ ಮಾಯವಾಯಿತು. ಹೆಂಡತಿ ಬಂದು "ಇದೇನು ವಾಸನೆ?" ಎಂದಾಗ, "ಭಾನುವಾರದ ವಿಜಯದ ವಾಸನೆ," ಎಂದು ಹೇಳಿ ಜಾರಿಕೊಂಡ. ಕೋಟಿನ ವಿಷಯ ಬಾಯಿ ಬಿಡಲಿಲ್ಲ. ಅಂದು ಸಂಜೆಯೇ ಕೋಟು ಮೇಡಂ ಮನೆ ಸೇರಿತು.

ಶನಿವಾರ ಬೆಳಗ್ಗೆ ಬ್ಯಾಂಕ್ ಮೇಡಂ ಫೋನು ಮಾಡಿದರು. ಅವರ ದನಿ ಹಜಾರಕ್ಕೂ ಕೇಳುತ್ತಿತ್ತು. "ಹೊಲಿಗೆ ಬಗ್ಗೆ ಒಂದು ಮಾತು ಆಡೋ ಹಾಗಿಲ್ಲ. ಭುಜ ಸರಿ, ತೋಳು ಸರಿ. ಆದ್ರೆ ನಿನ್ನೆ ಮೀಟಿಂಗಲ್ಲಿ ನನ್ನ ಅಕ್ಕಪಕ್ಕದ ಎರಡು ಕುರ್ಚೀನೂ ಖಾಲಿ. ಕೊನೆಗೆ ಯಾರೋ ಎದ್ದು ಕಿಟಕಿ ತೆಗೆದ್ರು. ಕೋಟು ವಾಪಸ್ ಕಳಿಸ್ತಾ ಇದ್ದೀನಿ."

ಹೆಂಡತಿ ಫೋನಿಟ್ಟು ಮಶೀನಿನ ಮುಂದೆ ಕೂತಳು. ಬೈಯಲಿಲ್ಲ. ಬೈದಿದ್ದರೆ ವಿಜ್ಞಾನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಹನ್ನೊಂದು ವರ್ಷದಲ್ಲಿ ನಾನು ಹೊಲಿದ ಒಂದು ಬಟ್ಟೇನೂ ವಾಪಸ್ ಬಂದಿರ್ಲಿಲ್ಲ, ರೀ," ಎಂದಳು. ದನಿ ಸಣ್ಣಗಿತ್ತು.

ವಿಜ್ಞಾನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮಿಕ್ಸಿಯ ಕತೆಯನ್ನು ಮುಚ್ಚಳದಿಂದ ಪೌಡರ್‌ವರೆಗೆ ಒಂದೂ ಬಿಡದೆ ಒಪ್ಪಿಸಿದ. ಅವಳು ಕೇಳಿದಳು, ಕಣ್ಣೊರೆಸಿಕೊಂಡಳು, ಆಮೇಲೆ ತೀರ್ಪು ಕೊಟ್ಟಳು.

"ನಾಳೆ ಭಾನುವಾರ. ಸಂಜೆ ಆರು ಗಂಟೆ ಒಳಗೆ ನಿಮ್ಮ ಗಾಳಕ್ಕೆ ಒಂದು ಮೀನು ಬಿದ್ರೆ ಬಾಲ್ಕನಿ ನಿಮ್ದು, ಇನ್ಯಾವತ್ತೂ ಕೇಳಲ್ಲ. ಬೀಳ್ಲಿಲ್ಲ ಅಂದ್ರೆ ಸಾಮಾನೆಲ್ಲ ಖಾಲಿ ಮಾಡಿ. ಅಲ್ಲಿಗೆ ನನ್ನ ಮಶೀನು ಹೋಗುತ್ತೆ."

"ಎಷ್ಟು ದೊಡ್ಡ ಮೀನು?"

"ಜೀವ ಇದ್ರೆ ಸಾಕು. ನಾನೂ ಜೊತೆಗೆ ಬರ್ತೀನಿ."

"ಯಾಕೆ? ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲಿದೆ. ದಾರೀಲಿ ಇರೋ ಮೀನಂಗಡಿ ಮೇಲಿಲ್ಲ."

ಭಾನುವಾರ ಮಧ್ಯಾಹ್ನ ಎರಡಕ್ಕೆ ದಂಡಯಾತ್ರೆ ಹೊರಟಿತು. ಎರೆಯ ಬಕೆಟ್ಟನ್ನು ಲಿಫ್ಟಿನೊಳಗೆ ತರಕೂಡದೆಂದು ಕಟ್ಟಡದವರು ಆಗಲೇ ಚೀಟಿ ಅಂಟಿಸಿದ್ದರು. ಊರಿನ ಅರ್ಧ ಲಿಫ್ಟುಗಳನ್ನು ಓಡಿಸುವ ಮಹಾನುಭಾವ ಬಕೆಟ್ಟು ಹೊತ್ತು ಐದು ಮಹಡಿ ಮೆಟ್ಟಿಲಿಳಿದ. ಹೆಂಡತಿ ಲಿಫ್ಟಿನಲ್ಲಿ ಇಳಿದು ಕೆಳಗೆ ಕಾದಳು.

ಕಟ್ಟೆಯ ತುದಿಯಲ್ಲಿ ಎಂದಿನಂತೆ ದೋಣಿ ಅಜ್ಜ ಕೂತಿದ್ದ. ನಲವತ್ತು ವರ್ಷ ದೋಣಿ ನಡೆಸಿ ಈಗ ಸುಮ್ಮನೆ ನೀರು ನೋಡಿಕೊಂಡಿರುವ ಮುದುಕ. ವಿಜ್ಞಾನಿ ಜಾಗ ಆರಿಸಿ, ಎರೆಡಬ್ಬಿಗೆ ಗಿಡಿದು ತುಂಬಿ, ಹಗ್ಗ ಬಿಟ್ಟು ನೇರವಾಗಿ ಕೆಳಗಿಳಿಸಿದ. ಅದರ ಪಕ್ಕದಲ್ಲೇ, ದಾರ ಹಿಡಿದು ಅಳೆದಂತೆ, ತನ್ನ ಗಾಳವನ್ನೂ ನೇರವಾಗಿ ಇಳಿಸಿದ.

ವಾಸನೆ ತಡೆಯಲಾರದೆ ಹೆಂಡತಿ ಮೂಗಿಗೆ ಸೆರಗೊತ್ತಿಕೊಂಡು, ಗಾಳಿ ಎದುರಿಗೆ ಬರುವ ಕಡೆ ಇಪ್ಪತ್ತು ಹೆಜ್ಜೆ ದೂರ ಹೋಗಿ ಕುರ್ಚಿ ಹಾಕಿಕೊಂಡಳು.

"ಸುಮ್ನೆ ಕೂರೋ ಬದಲು ಇದನ್ನ ಹಿಡ್ಕೊಂಡಿರು," ಎಂದು ವಿಜ್ಞಾನಿ ದೊಡ್ಡ ಮನಸ್ಸು ಮಾಡಿ ತನ್ನ ಅತಿ ಹಳೆಯ ಗಿಡ್ಡ ಕೋಲನ್ನು ಕೊಟ್ಟ.

ಅವಳು ಅದನ್ನು ಹಿಡಿದುಕೊಳ್ಳಲೂ ಇಲ್ಲ. ಗಾಳವನ್ನು ನೀರಿಗೆ ಬಿಟ್ಟು, ಕೋಲನ್ನು ಕುರ್ಚಿಯ ಕಾಲಿಗೆ ಕಟ್ಟಿ, ಚೀಲದಿಂದ ಯಾರದೋ ಅಂಗಿ ತೆಗೆದು ಗುಂಡಿ ಹಚ್ಚತೊಡಗಿದಳು.

ಹತ್ತು ನಿಮಿಷ ಕಳೆದಿರಬಹುದು. ಕುರ್ಚಿ ಅಲುಗಾಡಿತು.

"ರೀ, ಇದೇನೋ ಎಳೀತಾ ಇದೆ."

"ಕಲ್ಲಿಗೆ ಸಿಕ್ಕಿರುತ್ತೆ, ಬಿಡು."

"ಕಲ್ಲು ಅತ್ತಿತ್ತ ಓಡುತ್ತಾ?"

ಓಡುತ್ತಿದ್ದದ್ದು ಮೊಳಕೈ ಉದ್ದದ ಬೆಳ್ಳಿಬಣ್ಣದ ಮೀನು. ವಿಜ್ಞಾನಿ ಓಡಿಹೋಗಿ ಅದನ್ನು ಕೊಕ್ಕೆಯಿಂದ ಬಿಡಿಸಿ ಕೊಟ್ಟು, "ಹೊಸಬರ ಅದೃಷ್ಟ," ಎಂದು ವೈಜ್ಞಾನಿಕವಾಗಿ ಅಭಿಪ್ರಾಯಪಟ್ಟು ಹಿಂತಿರುಗಿದ. ಜಾಗಕ್ಕೆ ಬಂದು ಕೂರುವುದರೊಳಗೆ ಎರಡನೆಯದು ಬಿತ್ತು. ಎರೆ ಸಾಲದೇನೋ ಎಂದು ಡಬ್ಬಿ ಮೇಲೆಳೆದು ಮತ್ತೆ ತುಂಬಿ ಇಳಿಬಿಟ್ಟ. ಅವಳಿಗೆ ಮೂರನೆಯದು ಬಿತ್ತು. ಮೊಣಕೈವರೆಗೆ ಬಕೆಟ್ಟಿಗೆ ಕೈ ಹಾಕಿ ಇನ್ನಷ್ಟು ತುಂಬಿದ. ಅವಳಿಗೆ ನಾಲ್ಕನೆಯದು. ಇವನು ಹೆಚ್ಚು ತುಂಬಿದಷ್ಟೂ ಅವಳಿಗೆ ಹೆಚ್ಚು ಬೀಳುತ್ತಿತ್ತು. ಇವನ ಗಾಳ ಮಾತ್ರ ತಪಸ್ಸಿಗೆ ಕೂತಿತ್ತು.

ಕಟ್ಟೆಯ ಮೇಲಿದ್ದ ಉಳಿದ ಗಾಳಗಾರರು ನಾಚಿಕೆ ಬಿಟ್ಟು ಕುರ್ಚಿ ಎತ್ತಿಕೊಂಡು ಬಂದು ಅವಳ ಆಚೆ ಸಾಲಾಗಿ ಕೂತರು. ಅವರಿಗೂ ಬೀಳತೊಡಗಿದವು. ಒಬ್ಬ ಮಹಾಶಯ ಕೈಯೆತ್ತಿ, "ಇನ್ನೊಂದು ಡಬ್ಬಿ ಬಿಡಿ ಸಾರ್," ಎಂದು ಪ್ರೋತ್ಸಾಹಿಸಿದ.

ಐದು ಗಂಟೆಯಾಯಿತು. ವಿಜ್ಞಾನಿ ಸೋತ ಮುಖ ಹೊತ್ತು ದೋಣಿ ಅಜ್ಜನ ಬಳಿ ಹೋದ. "ಅಜ್ಜಾ, ಊಟ ಹಾಕ್ತಿರೋದು ನಾನು. ಮೀನೆಲ್ಲ ಅವಳ ಹತ್ರ ಯಾಕೆ ಹೋಗ್ತವೆ?"

"ನಿಮ್ಮ ಕೆಲಸ ಏನು ಸ್ವಾಮಿ?" ಎಂದು ಅಜ್ಜ ಕೇಳಿದ.

"ಲಿಫ್ಟ್ ರಿಪೇರಿ."

"ಅದಕ್ಕೇ," ಎಂದ ಅಜ್ಜ. "ನಿಮಗೆ ಮೇಲೆ, ಕೆಳಗೆ ಎರಡೇ ಗೊತ್ತು. ಕಡಲು ಅಡ್ಡಡ್ಡ ಹರಿಯುತ್ತೆ. ನೀವು ಬಿಟ್ಟ ವಾಸನೆ ನಿಮ್ಮ ಕಾಲ ಕೆಳಗೆ ನಿಲ್ಲುತ್ತಾ? ಸೆಳೆತದ ಜೊತೆ ಆ ತಾಯಿ ಕೂತಿರೋ ಕಡೆ ಹೋಗ್ತಿದೆ. ಗಾಳಿ ಒಂದು ಕಡೆ, ನೀರು ಇನ್ನೊಂದು ಕಡೆ. ಮೂಗಿಗೆ ಹೆದರಿ ಅವರು ಎದ್ದು ಹೋದ್ರಲ್ಲ, ಸರಿಯಾಗಿ ಊಟದ ಸಾಲಲ್ಲೇ ಹೋಗಿ ಕೂತ್ರು."

ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ವಿಜ್ಞಾನಿಗೆ ಯಾರೋ ಕಾರಣ ವಿವರಿಸಿದ್ದರು. ಅವನು ಒಂದೇ ಉಸಿರಿಗೆ ಹೆಂಡತಿಯ ಬಳಿ ಓಡಿದ.

"ಏಳು, ಏಳು. ಜಾಗ ಬದಲಾಯಿಸೋಣ. ಇನ್ನು ಒಂದೇ ಗಂಟೆ ಇದೆ."

ಅವಳು ತಕರಾರು ಮಾಡಲಿಲ್ಲ. ಕುರ್ಚಿ ಬಿಟ್ಟುಕೊಟ್ಟು, ಗಿಡ್ಡ ಕೋಲು ಹಿಡಿದು ಈ ಕಡೆ ಬಂದಳು. ವಿಜ್ಞಾನಿ ಡಬ್ಬಿಯನ್ನು ಇದ್ದಲ್ಲೇ ಬಿಟ್ಟು ಅವಳ ಕುರ್ಚಿಯಲ್ಲಿ ಗದ್ದುಗೆಯೇರಿದವನಂತೆ ಕೂತು ಗಾಳ ಬೀಸಿದ. ಒಂದು ಎಳೆದಾಟವೂ ಬಂತು. ಎರೆ ಹೋಗಿತ್ತು, ಮೀನು ಇರಲಿಲ್ಲ. ಮತ್ತೆ ಎರೆ ಚುಚ್ಚಿ ಬೀಸಿದ. ಆಮೇಲೆ ಎಲ್ಲ ನಿಶ್ಶಬ್ದ. ಅವನ ಆಚೆ ಕೂತಿದ್ದವರ ಕೋಲುಗಳೂ ಮಲಗಿದವು.

ಅಷ್ಟರಲ್ಲಿ ದೋಣಿ ಅಜ್ಜ ಹೆಂಡತಿಯನ್ನು ಕೂಗಿದ. "ಅಲ್ಲಿ ನಿಲ್ಬೇಡಿ ತಾಯಿ, ನೀರು ತಿರುಗ್ತು. ಇನ್ನು ಈ ಕಡೆಗೆ ಸೆಳೆತ. ನನ್ನ ಪಕ್ಕ ಬನ್ನಿ."

ಅವಳು ಹೋಗಿ ಅಜ್ಜನ ಪಕ್ಕ ನಿಂತು ಗಾಳ ಹಾಕಿದಳು. ಐದನೆಯದು ಬಂತು. ಎಲ್ಲಕ್ಕಿಂತ ದೊಡ್ಡದು. ಈ ಸಲ ಅವಳೇ ಕೋಲು ಹಿಡಿದಿದ್ದಳು. ಕಾಲು ಊರಿ, ಹಲ್ಲು ಕಚ್ಚಿ, ಎಳೆದು, ಬಿಟ್ಟು, ಮತ್ತೆ ಎಳೆದಳು. ಮೀನು ಕಟ್ಟೆಯ ಮೇಲೆ ಬಿದ್ದಾಗ ಅವಳು ತಲೆಯೆತ್ತಿ ನಕ್ಕಳು. ಇಪ್ಪತ್ತು ಹೆಜ್ಜೆಯಾಚೆ ಕೂತ ವಿಜ್ಞಾನಿ ಆ ನಗು ನೋಡಿ ತನ್ನ ಗಾಳವನ್ನೇ ಮರೆತ. ಯಾವಾಗಲೂ ಸೂಜಿಯ ಮೇಲೆ ಬಗ್ಗಿರುವ ಆ ತಲೆ ಹೀಗೆ ಆಕಾಶಕ್ಕೆದ್ದದ್ದನ್ನು ಅವನು ನೋಡಿ ಎಷ್ಟು ಕಾಲವಾಗಿತ್ತೋ. ಆಕಾಶ ಬೇಕಾಗಿದ್ದದ್ದು ತನಗೊಬ್ಬನಿಗೇ ಅಲ್ಲ ಎಂದು ಹೊಳೆಯಿತು.

ಬಂದರಿನ ಸೈರನ್ನು ಆರು ಗಂಟೆ ಹೊಡೆಯಿತು. ವಿಜ್ಞಾನಿ ದಾರ ಸುತ್ತಿದ. "ನೀನು ಗೆದ್ದೆ," ಎಂದಷ್ಟೇ ಹೇಳಿದ. ಕರೆಸಿದ್ದು ನಾನು, ಆದ್ದರಿಂದ ಮೀನು ನನ್ನದೇ ಎಂಬ ವಾದವೊಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

ಮನೆಗೆ ಬಂದವನು ಕೈಕಾಲು ತೊಳೆದು, ಯಾರೂ ಹೇಳದೆಯೇ ಬಾಲ್ಕನಿ ಖಾಲಿ ಮಾಡಿದ. ನೆಲ ಎರಡು ಸಲ ತೊಳೆದ. ಹೊಲಿಗೆ ಮಶೀನನ್ನು ಒಬ್ಬನೇ ಹೊತ್ತು ತಂದು ಬೆಳಕು ಎಡಗಡೆಯಿಂದ ಬೀಳುವಂತೆ ಇಟ್ಟ. ಬಟ್ಟೆ ತೂಗುಹಾಕಲು ಕಂಬಿಯನ್ನೂ ಬಿಗಿದ. ಬ್ಯಾಂಕ್ ಮೇಡಂ ಅವರಿಗೆ ತಾನೇ ಫೋನು ಮಾಡಿ, ತಪ್ಪು ಹೊಲಿದವಳದಲ್ಲ, ಅರೆದವನದು ಎಂದು ತಿಳಿಸಿದ. ಆಮೇಲೆ ಗಾಳದ ಕೋಲುಗಳನ್ನೆಲ್ಲ ಒಟ್ಟಿಗೆ ಕಟ್ಟಿ ಬಾಗಿಲ ಬಳಿ ಒರಗಿಸಿದ.

ಹೆಂಡತಿ ಬಾಲ್ಕನಿಯಲ್ಲಿ ನಿಂತು ಮಶೀನಿನ ಮೇಲೆ ಕೈಯಾಡಿಸಿದಳು. ಏನೋ ಹೇಳಹೊರಟವಳು ಬಾಗಿಲ ಕಡೆ ನೋಡಿ ನಿಂತಳು.

"ಕೋಲೆಲ್ಲ ಯಾಕೆ ಅಲ್ಲಿಟ್ರಿ?"

"ಯಾರಿಗಾದ್ರೂ ಕೊಟ್ಬಿಡೋಣ ಅಂತ."

"ಕೊಡೋಕೆ ನೀವ್ಯಾರು? ಐದು ಮೀನು ಹಿಡಿದವಳು ನಾನು." ಅವಳು ಕಟ್ಟು ಬಿಚ್ಚಿ, ನಾಲ್ಕರಲ್ಲಿ ಉದ್ದನೆಯದನ್ನು ಎತ್ತಿ, ತೂಗಿ ನೋಡಿ, ಮಶೀನಿನ ಪಕ್ಕ ನಿಲ್ಲಿಸಿದಳು. "ಇದು ಇಲ್ಲೇ ಇರ್ಲಿ. ಬರೋ ಭಾನುವಾರ ನೀರು ಎಷ್ಟು ಗಂಟೆಗೆ ತಿರುಗುತ್ತೆ ಅಂತ ಅಜ್ಜನ್ನ ಕೇಳಿದ್ದೀನಿ. ಒಂದಕ್ಕೇ ಹೊರಡ್ಬೇಕು."

ವಿಜ್ಞಾನಿಯ ಮುಖ ಅರಳಿತು. "ಅಂದ್ರೆ ನಾನೂ ಬರ್ಬಹುದಾ?"

"ಬರ್ದೆ ಏನು? ನೀವಿಲ್ದೆ ನಡೆಯುತ್ತಾ?"

"ಯಾವ ಕೋಲು ತಗೊಳ್ಳಲಿ?"

"ಕೋಲು ಯಾಕೆ ನಿಮಗೆ?" ಎಂದಳು ಹೆಂಡತಿ. "ನೀವು ಅಡುಗೆಯವರು."

"ಮೀನಡುಗೆ ಮಾಡ್ಲಾ?"

"ಮೀನಿಗೆ ಅಡುಗೆ ಮಾಡಿ."