ಬಜನಾಕ್ ಅಂದ್ರೆ ಏನು?

ಬೋಲಿಂಗ್‌ಬ್ರೂಕ್‌ನ ಗೋಡೌನಿನಲ್ಲಿ ಲಾರಿಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವುದು ನನ್ನ ಕೆಲಸ. ಯಾವ ಲಾರಿಯೂ ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲ. ಡ್ರೈವರುಗಳಲ್ಲಿ ಅರ್ಧಕ್ಕರ್ಧ ಬಲ್ಗೇರಿಯಾದವರು. ಅವರಿಗಾಗಿ ಕಾಯುತ್ತಾ ಕಾಯುತ್ತಾ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ.

ರಿಪೇರಿ

ನಮ್ಮ ಹಳೇ ಡ್ರೈವರ್ ಒಬ್ಬ ಒಂದು ಸೋಮವಾರ ತುಂಬಾ ತಡವಾಗಿ ಬಂದ. ಯಾಕಪ್ಪಾ ಅಂದೆ. "ಬಜನಾಕ್" ಅಂದ, ಅಷ್ಟೇ. ಲಾರಿಯ ಯಾವುದೋ ಪಾರ್ಟ್ ಇರಬೇಕು ಅಂದುಕೊಂಡೆ.

"ಕೆಟ್ಟಿದೆಯಾ?"

"ಪೂರ್ತಿ."

"ರಿಪೇರಿ ಆಗುತ್ತಾ?"

"ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಆಗಿಲ್ಲ."

"ಹಾಗಾದ್ರೆ ಬದಲಾಯಿಸಿಬಿಡು ಮಾರಾಯ."

ಅವನು ನಿಟ್ಟುಸಿರು ಬಿಟ್ಟ. "ನನ್ನ ಹೆಂಡ್ತಿ ತಂಗಿ ಒಪ್ಪಬೇಕಲ್ಲ."

ಮೂಲ

ಕಾಫಿ ಕುಡಿಯುತ್ತಾ ಬಿಡಿಸಿ ಹೇಳಿದ. ಹೆಂಡತಿಯ ಅಕ್ಕನ ಗಂಡನಾಗಲಿ ತಂಗಿಯ ಗಂಡನಾಗಲಿ, ಅವರ ಭಾಷೆಯಲ್ಲಿ ಬಜನಾಕ್. ಇವನ ಬಜನಾಕ್ ಭಾನುವಾರ ಊಟಕ್ಕೆ ಬಂದವನು ಸೋಮವಾರ ಬೆಳಿಗ್ಗೆಯಾದರೂ ಮಲಗಿಯೇ ಇದ್ದ. ಅವನ ಕಾರು ಇವನ ಲಾರಿಗೆ ಅಡ್ಡ.

"ಓ, ನಮ್ಮ ಷಡ್ಡಕ" ಅಂದೆ. ಇಂಗ್ಲಿಷಿನವರು ಭಾವ, ಭಾಮೈದ, ಷಡ್ಡಕ ಎಲ್ಲರನ್ನೂ ಬ್ರದರ್ ಇನ್ ಲಾ ಅಂತ ಒಂದೇ ಗೋಣಿಚೀಲಕ್ಕೆ ತುಂಬಿದ್ದಾರೆ. ಕನ್ನಡದವರಿಗೂ ಬಲ್ಗೇರಿಯಾದವರಿಗೂ ಮಾತ್ರ ಈ ಮನುಷ್ಯನಿಗೆಂದೇ ಬೇರೆ ಪದ ಬೇಕಾಗಿ ಬಂದಿದೆ.

"ಇದು ಬಲ್ಗೇರಿಯಾದ್ದೇ ಪದಾನಾ?"

"ಅಲ್ಲ, ಟರ್ಕಿಯದು. ನೂರಾರು ವರ್ಷ ನಮ್ಮನ್ನ ಆಳಿದ್ರು. ಹೋಗುವಾಗ ಪದ ಬಿಟ್ಟುಹೋದ್ರು. ಆ ಮನುಷ್ಯನನ್ನಾದ್ರೂ ಕರಕೊಂಡು ಹೋಗಬೇಕಿತ್ತು."

ನಂಬರ್ ಪ್ಲೇಟ್

ನನಗೂ ಒಬ್ಬರು ಷಡ್ಡಕರಿದ್ದಾರೆ. ಹುಬ್ಬಳ್ಳಿಯವರು, ಮಿಷಿಗನ್ ರಾಜ್ಯದ ಕ್ಯಾಂಟನ್‌ನಲ್ಲಿ ಎಂಜಿನಿಯರ್. ಒಳ್ಳೆಯವರೇ, ಆದರೆ ನಮ್ಮ ಮನೆಗೆ ಬಂದರೆ ಹೀಟರಿನಿಂದ ಹಿಡಿದು ಚಪಾತಿಯವರೆಗೆ ಎಲ್ಲವನ್ನೂ ತಿದ್ದುತ್ತಾರೆ. ಒಮ್ಮೆ ಫೋನಿನಲ್ಲಿ ಅವರಿಗೆ ಈ ಪದ ಹೇಳಿದೆ.

"ಇಲ್ಲಿ ಎಲ್ಲಾರೂ ಬ್ರದರ್ ಇನ್ ಲಾ ಅಂದು ಮುಗಿಸ್ತಾರ್ರೀ. ಕಡೀಗೆ ಇಲ್ಲೂ ನಮಗೊಂದು ಹೆಸರು ಸಿಕ್ತು ನೋಡ್ರಿ" ಅಂದರು. ಸ್ಪೆಲ್ಲಿಂಗ್ ಕೇಳಿ ಬರೆದುಕೊಂಡರು.

ಮುಂದಿನ ಸಲ ಬಂದಾಗ ಅವರ ಕಾರಿನ ನಂಬರ್ ಪ್ಲೇಟೇ 'ಬಜನಾಕ್'. ಮಿಷಿಗನ್‌ನಲ್ಲಿ ಕೇಳಿದ ಹೆಸರು ಹಾಕಿಕೊಡುತ್ತಾರೆ. ಆದರೆ ಅಲ್ಲಿ ಕಾರಿಗೆ ಪ್ಲೇಟ್ ಇರುವುದು ಹಿಂದುಗಡೆ ಮಾತ್ರ.

ಮರುದಿನ ಅವರೇ ನನ್ನನ್ನು ಗೋಡೌನಿಗೆ ತಂದು ಬಿಟ್ಟು ಹೊರಟರು. ಆ ಡ್ರೈವರ್ ಬಾಗಿಲಲ್ಲೇ ನಿಂತಿದ್ದ. ಹೋಗುತ್ತಿದ್ದ ಕಾರಿನ ಪ್ಲೇಟ್ ಓದಿ ಮೆಲ್ಲಗೆ ಟೋಪಿ ತೆಗೆದ.

"ದೊಡ್ಡ ಮನುಷ್ಯ. ಬಜನಾಕ್ ಅಂತ ತಾನೇ ಒಪ್ಪಿಕೊಂಡಿದ್ದಾನೆ" ಅಂದ. ಟೋಪಿ ಮತ್ತೆ ಹಾಕಿಕೊಂಡು, "ಆದ್ರೆ ತಪ್ಪು ಕಡೆ ಹಾಕಿಸಿದ್ದಾನೆ" ಅಂದ.

"ಯಾಕೆ?"

"ಹೋಗುವಾಗ ಗೊತ್ತಾಗಿ ಏನು ಪ್ರಯೋಜನ? ಮುಂದೆ ಇದ್ದಿದ್ರೆ, ಬರೋದು ನೋಡಿ ಮನೆ ದೀಪ ಆರಿಸಬಹುದಿತ್ತು."