ಭಾವನ ಚೀಲದಲ್ಲಿದ್ದ ಕೋಳಿಪುಕ್ಕ

ನಮ್ಮ ಭಾವನ ಚೀಲವನ್ನು ಪೊಲೀಸರು ಎಂದಾದರೂ ಬಿಚ್ಚಿ ನೋಡಿದ್ದರೆ, ಯಾವ ಅಪರಾಧಕ್ಕೆ ಇವರನ್ನು ಒಳಗೆ ಹಾಕಬೇಕೆಂದು ತಿಳಿಯದೆ ಅವರೇ ರಜೆ ಹಾಕಿ ಹೋಗುತ್ತಿದ್ದರು! ಒಂದು ಹಳೆಯ ಸ್ಟೆತಸ್ಕೋಪು. ಹಲ್ಲಿನ ಡಾಕ್ಟರು ಬಾಯೊಳಗೆ ತೂರಿಸುವಂಥ ಪುಟ್ಟ ಕನ್ನಡಿ. ಹೆಂಗಸರ ಕೂದಲ ಕ್ಲಿಪ್ಪು ಏಳೆಂಟು. ಒದ್ದೆ ಬಾಳೆನಾರು. ಮತ್ತೆ, ಒಂದು ಕೋಳಿಪುಕ್ಕ. ಇಷ್ಟೆಲ್ಲ ಹೊತ್ತು ತಿರುಗುವ ಮನುಷ್ಯ ಕಳ್ಳನೋ, ವೈದ್ಯನೋ, ಮಾಟಗಾರನೋ? ಯಾವುದೂ ಅಲ್ಲ. ನನ್ನ ಅಕ್ಕನ ಗಂಡ, ಜೇನು ಸಾಕುವವರು.

ಒಂದೊಂದಕ್ಕೂ ಕೆಲಸವಿತ್ತು. ಹುಳಗಳು ಮೇಣದಲ್ಲಿ ಕಟ್ಟುವ ಎರಿಯನ್ನು ಎತ್ತದೆಯೇ ಅದರ ಅಡಿ ನೋಡಲು ಕನ್ನಡಿ. ಮುರಿದ ಎರಿಯನ್ನು ಚೌಕಟ್ಟಿಗೆ ಕಟ್ಟಲು ಬಾಳೆನಾರು. ರಾಣಿಹುಳವನ್ನು ನೋಯಿಸದೆ ಹಿಡಿಯಲು ಕ್ಲಿಪ್ಪು. ರಿಪ್ಪನ್‌ಪೇಟೆಯ ಒಂದು ಮದುವೆಯಲ್ಲಿ ಚಪ್ಪರಕ್ಕೆ ಜೇನುಹಿಂಡು ಬಂದು ಕೂತಾಗ, ಚೀಲ ಬಿಟ್ಟು ಬಂದಿದ್ದ ಭಾವ ಮದುಮಗಳ ತಲೆಯಿಂದಲೇ ಕ್ಲಿಪ್ಪು ಕಿತ್ತುಕೊಂಡು ಏಣಿ ಹತ್ತಿದ್ದರು. ತಾಳಿ ಕಟ್ಟುವುದರೊಳಗೆ ರಾಣಿ ಸೆರೆಯಾದಳು. ಮದುಮಗಳು ಬಿಚ್ಚುಗೂದಲಲ್ಲೇ ಗೃಹಿಣಿಯಾದಳು. ನಾನು ಕಣ್ಣಾರೆ ಕಂಡದ್ದು. ಆದರೆ ಅಕ್ಕನ ಪ್ರಕಾರ ಕ್ಲಿಪ್ಪು ಮದುಮಗಳ ಚಿಕ್ಕಮ್ಮನದು, ಮತ್ತು ನಾನು ಆ ಮದುವೆಗೆ ಹೋಗಿಯೇ ಇರಲಿಲ್ಲ! ಹಾಗಾದರೆ ಆ ಏಣಿಯನ್ನು ಹಿಡಿದುಕೊಂಡವರು ಯಾರು?

ಸ್ಟೆತಸ್ಕೋಪಿನ ವಿಷಯ ಮಾತ್ರ ಖಚಿತ. ರಾಣಿ ಸತ್ತ ಗೂಡು ಅಳುತ್ತದೆ ಎನ್ನುತ್ತಿದ್ದರು ಭಾವ. ನಾನೋ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಓದಿದವನು, ನಂಬುವುದುಂಟೇ? ಮೂರು ಜೇನುಪೆಟ್ಟಿಗೆ ತೋರಿಸಿ ಪರೀಕ್ಷೆಗೆ ಕೂರಿಸಿದೆ. ಮೊದಲೆರಡರಲ್ಲಿ ರಾಣಿ ಇದೆಯೋ ಇಲ್ಲವೋ ಎಂಬುದನ್ನು ಸರಿಯಾಗಿ ಹೇಳಿದರು. ಮೂರನೆಯದಕ್ಕೆ ಬಹಳ ಹೊತ್ತು ಕಿವಿಯಿಟ್ಟು, "ಇದ್ರಲ್ಲಿ ಜೇನು ಇಲ್ಲೆ, ಇರುವೆ ಇದ್ದು" ಎಂದರು. ಬಿದ್ದು ಬಿದ್ದು ನಕ್ಕೆ. ಮುಚ್ಚಳ ತೆಗೆದರೆ ಇರುವೆ.

ಜಗಳವೆಲ್ಲ ಆ ಪುಕ್ಕದ್ದು. ಎರಿಯ ಮೇಲಿನ ಹುಳಗಳನ್ನು ಅಪ್ಪಚ್ಚಿಯಾಗದಂತೆ ಸವರಲು ಕೋಳಿಪುಕ್ಕದಷ್ಟು ಮೃದುವಾದದ್ದು ಇಲ್ಲ ಎಂದು ಭಾವ. ಕೋಳಿಯ ಸುದ್ದಿಯೇ ಹೊಸ್ತಿಲು ದಾಟದ ಮನೆಗೆ ಪುಕ್ಕ ಬರುವುದೇ ಎಂದು ಅಕ್ಕ. ಕೊನೆಗೆ ಚೀಲ ಕೊಟ್ಟಿಗೆಯ ಮೊಳೆಗೆ ಹೋಯಿತು. ಅಕ್ಕನ ಮನೆಯೊಳಗೆ ಕಾಲಿಡುವ ಪ್ರತಿಯೊಂದು ಪಾತ್ರೆ, ಬಟ್ಟೆ, ಚಮಚ ಕುದಿನೀರು ಕಂಡೇ ಮುಂದಿನ ಮಾತು. ಕೊಟ್ಟಿಗೆಯಲ್ಲಿ ತೂಗಾಡುವ ಚೀಲಕ್ಕೆ ಆ ಭಾಗ್ಯವಿರಲಿಲ್ಲ. ಅದನ್ನು ಅಕ್ಕ ಮುಟ್ಟಲಿಲ್ಲ. ಭಾವನಿಗೆ ತೊಳೆಯುವುದು ಹೊಳೆಯಲಿಲ್ಲ. ಆಗ ಇದು ನಮಗೆಲ್ಲ ತಮಾಷೆಯಾಗಿತ್ತು.

ಆಮೇಲೆ ಜಡ್ಡು ಬಂತು. ಮರಿಹುಳಗಳು ಎರಿಯ ಕಣದೊಳಗೇ ನೀರು ತುಂಬಿದ ಸಣ್ಣ ಚೀಲಗಳಂತಾಗಿ ಸಾಯತೊಡಗಿದವು. ಒಂದು ಮನೆಯಲ್ಲಿ ಪೆಟ್ಟಿಗೆ ಖಾಲಿ, ವಾರ ಬಿಟ್ಟು ಇನ್ನೊಂದು ಮನೆಯಲ್ಲಿ. ಹೊಸನಗರದ ಆಚೆಯಿಂದ, ತೀರ್ಥಹಳ್ಳಿ ಕಡೆಯಿಂದ, ಸಾಗರದ ಸುತ್ತಿನಿಂದ ಭಾವನಿಗೆ ಫೋನು. ಭಾವ ಬಿಡದೆ ಹೋದರು. ಹೋದಲ್ಲೆಲ್ಲ ಪೆಟ್ಟಿಗೆ ತೆರೆದರು, ಪುಕ್ಕದಿಂದ ಸವರಿದರು, ತಲೆ ತಗ್ಗಿಸಿಕೊಂಡು ಮರಳಿದರು.

ನನಗೆ ಸುಮ್ಮನೆ ಕೂರಲಾಗದ ರೋಗ. ಯಾರ ಮನೆಗೆ ಯಾವಾಗ ಹೋಗಿದ್ದರೆಂದು ಭಾವನನ್ನೇ ಕೇಳಿ ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡೆ. ಭಾವ ಹೋದ ದಾರಿಯಲ್ಲೇ ಜಡ್ಡೂ ಹೋಗಿತ್ತು. ಹಾಳೆಯನ್ನು ಅವರ ಮುಂದಿಟ್ಟು ಹೇಳಿದೆ. ಮೆಲ್ಲಗೆ ಹೇಳಿದೆನೆಂದು ನನ್ನ ನೆನಪು. ನಗುತ್ತಾ ಹೇಳಿದೆನೆಂದು ಅಕ್ಕನ ನೆನಪು. ಅವಳದೇ ಸರಿ ಇರಬಹುದು ಎಂಬ ಭಯ ನನಗೆ ಈಗಲೂ ಇದೆ.

ಭಾವ ಹಾಳೆಯನ್ನು ಎರಡು ಸಲ ಓದಿದರು. "ಪುಕ್ಕ ಒಂದಿನವೂ ತೊಳದ್ನಿಲ್ಲೆ" ಎಂದರು. ಅಷ್ಟೇ. ಸಂಜೆ ಇಡೀ ಚೀಲ ಬಚ್ಚಲ ಒಲೆಗೆ ಹೋಯಿತು. ಸ್ಟೆತಸ್ಕೋಪಿನ ರಬ್ಬರು ಸುಟ್ಟ ನಾತಕ್ಕೆ ಪಕ್ಕದ ಮನೆಯವರು ಕರೆಂಟಿನ ವಯರು ಹೊತ್ತಿಕೊಂಡಿತೆಂದು ಓಡಿ ಬಂದರು. ಅವರಿಗೆ ಏನು ಹೇಳುವುದು?

ಮಾರನೆಯ ದಿನದಿಂದ ಭಾವ ಮನೆಮನೆಗೆ ಹೊರಟರು, ತಪ್ಪು ಹೇಳಿಕೊಳ್ಳಲು. ಸ್ಕೂಟರು ಓಡಿಸುವ ಶಿಕ್ಷೆ ನನಗೆ. ಸೋಂಕು ಹುಳದಿಂದ ಹುಳಕ್ಕೂ ಹರಡುತ್ತದೆ, ಪುಕ್ಕದ್ದೊಂದೇ ತಪ್ಪೆನ್ನಲು ಪುರಾವೆ ಇಲ್ಲ ಎಂದು ದಾರಿಯುದ್ದಕ್ಕೂ ಹೇಳಿದೆ. ಹಾಳೆ ಮುಂದಿಡುವಾಗ ಈ ವಿಜ್ಞಾನ ನನ್ನ ಬಾಯಿಗೆ ಯಾಕೆ ಬರಲಿಲ್ಲವೋ! ಹೋದಲ್ಲಿ ಕೆಲವರು ಗಾಳಿಯಿಂದ ಬಂದ ಜಡ್ಡು ಬಿಡಿ ಎಂದರು. ಒಬ್ಬರು, ಇನ್ನು ನಮ್ಮ ಪೆಟ್ಟಿಗೆ ಮುಟ್ಟಬೇಡಿ ಎಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಅಲ್ಲಿಂದ ಮುಂದೆ ಭಾವ ಯಾರ ಮನೆಯಲ್ಲೂ ಕೂರಲಿಲ್ಲ, ನೀರನ್ನೂ ಕುಡಿಯಲಿಲ್ಲ. ಇನ್ನು ಜೇನು ಮುಟ್ಟುವುದಿಲ್ಲವೆಂದು ಅಕ್ಕನಿಗೂ ಹೇಳಿಬಿಟ್ಟಿದ್ದರು.

ಕೊನೆಯದು ಹುಲಿಕಲ್ ಹತ್ತಿರದ ಒಂದು ಮನೆ. ನಾಲ್ಕು ಪೆಟ್ಟಿಗೆಯನ್ನೂ ಕಳೆದುಕೊಂಡ ಹೆಂಗಸು, ಭಾವನಿಗಿಂತ ಹಿರಿಯಳು. ಭಾವ ಅಂಗಳದಲ್ಲಿ ನಿಂತೇ ಎಲ್ಲ ಹೇಳಿದರು. ಆಕೆ ಕೊನೆಯವರೆಗೂ ಕೇಳಿಸಿಕೊಂಡಳು.

"ಹುಳ ಸತ್ತಿದ್ದಕ್ಕೆ ಇಷ್ಟು ದೂರ ಬಂದು ಹೇಳೋರು ಯಾರಿದಾರೆ ಭಟ್ರೇ" ಎಂದಳು. "ಹಿತ್ಲು ಗೋಡೆ ತೂತಲ್ಲಿ ಹೊಸ ಹಿಂಡು ಬಂದು ಕೂತದೆ. ಜಡ್ಡು ಐತಾ ನೋಡಿ ಹೇಳಿ. ಬೇರೆಯೋರ ಮಾತು ನಂಗೆ ಬ್ಯಾಡ."

ಭಾವ ಕದಲಲಿಲ್ಲ. ಆಕೆ ಸೋಪು, ಬಿಸಿನೀರು ತಂದಿಟ್ಟಳು. ಭಾವ ಮೊಣಕೈವರೆಗೂ ಉಜ್ಜಿದರು, ಮತ್ತೆ ಉಜ್ಜಿದರು. ಚರ್ಮ ಕೆಂಪಾಯಿತು. ಆಮೇಲೆ ಗೋಡೆಯ ಕಡೆ ಹೋಗದೆ ನನ್ನ ಹತ್ತಿರ ಬಂದು, ಎರಡೂ ಅಂಗೈ ಚಾಚಿದರು.

"ನೀ ಓದಿದವ. ನೋಡಿ ಹೇಳು. ಎನ್ನ ಕೈ ಚೊಕ್ಕ ಇದ್ದಾ?"

ಬರಿಗಣ್ಣಿಗೆ ಕಾಣುವಂಥದ್ದು ಅಲ್ಲೇನೂ ಇರುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಆ ಕೈಗಳನ್ನು ಹಿಡಿದುಕೊಂಡು, ತಿರುಗಿಸಿ, ಉಗುರಿನ ಸಂದಿಯವರೆಗೂ ನೋಡಿದೆ.

"ಚೊಕ್ಕ ಇದ್ದು, ಭಾವ."

ಅವರು ಗೋಡೆಯ ಕಡೆ ನಡೆದರು.