ಸಂತ ತೋಮಸನನ್ನೂ ಸೇರಿಸಿದರೆ ಎಷ್ಟು ಬಗೆ?

ಅತ್ತೆ: ಒಂದೇ.

ನಿದಿಯಾ: ಅಲ್ಲ ಅತ್ತೆ, ಇಪ್ಪತ್ತು.

ಅತ್ತೆ: ಒಂದೇ ಅಂದ್ರೆ ಒಂದೇ ಕಣೇ. ನಿನ್ನ ಗಂಡ ಹುಟ್ಟೋಕೆ ಮುಂಚಿನಿಂದ ಈ ಒರಳಲ್ಲಿ ಸೊಪ್ಪು ಕುಟ್ತಿದೀನಿ. ನನಗೇ ಹೇಳಿಕೊಡೋಕೆ ಬಂದಳು, ಇಪ್ಪತ್ತಂತೆ ಇಪ್ಪತ್ತು!

ಅಂಗಳದ ಮಾವಿನ ಮರಕ್ಕೆ ಕಟ್ಟಿದ ತೂಗುಮಂಚದಲ್ಲಿ ಕೂಸು ಅರಾಮಿ ಮಲಗಿತ್ತು. ನಿದಿಯಾ ಒಂದು ಕಾಲಿನಿಂದ ಮಗುವನ್ನು ತೂಗುತ್ತ, ತೊಡೆಯ ಮೇಲೆ ಗಣಿತದ ಪುಸ್ತಕ ಬಿಡಿಸಿಕೊಂಡು ಕೂತಿದ್ದಳು. ಪುಟದ ಮೂಲೆಗೆ ನಿನ್ನೆಯ ಬಾಳೆಹಣ್ಣಿನ ಗಂಜಿ ಅಂಟಿ ಒಣಗಿತ್ತು. ಮಗು ಹೊಟ್ಟೆಗೆ ಬಂದಾಗ ಬಿಟ್ಟ ಪ್ರೌಢಶಾಲೆಯ ಕೊನೆಯ ವರ್ಷವನ್ನು ಅವಳು ಸಂಜೆ ತರಗತಿಗೆ ಹೋಗಿ ಹೇಗೋ ದಡ ಸೇರಿಸಿದ್ದಳು. ಉಳಿದದ್ದು ಗಣಿತ ಒಂದೇ. ಪರೀಕ್ಷೆ ಇವತ್ತೇ ಮಧ್ಯಾಹ್ನ, ಪಟ್ಟಣದಲ್ಲಿ. ಊರಿಗೆ ಇದ್ದ ಒಂದೇ ಬಸ್ಸು ಊಟದ ಹೊತ್ತಿಗೆ ಮುಂಚೆ ರಸ್ತೆಯ ತಿರುವಿನಲ್ಲಿ ನಿಲ್ಲುತ್ತಿತ್ತು. ಅದು ತಪ್ಪಿದರೆ ಮುಂದಿನ ವರ್ಷದ ಮಾತು.

ನಿದಿಯಾ: ಇಲ್ಲಿ ನೋಡಿ. ಸೊಪ್ಪಿನವಳು ಬೆಳಗ್ಗೆ ಕೊಟ್ಟು ಹೋದದ್ದು ಆರು ಥರ. ಪುದೀನ, ನಿಂಬೆಹುಲ್ಲು, ಕುದುರೆಬಾಲ, ಕೊಕು, ಬಟಾಟಿಯ್ಯಾ ಬೇರು, ಸಂತ ಲೂಸಿಯಾ ಹೂವು. ಇದರಲ್ಲಿ ಮೂರನ್ನ ಆರಿಸಬೇಕು. ಎಷ್ಟು ಬಗೆಯಲ್ಲಿ ಆರಿಸಬಹುದು?

ಅತ್ತೆ: ಯಾರಿಗೆ?

ನಿದಿಯಾ: ಯಾರಿಗೂ ಅಲ್ಲ, ಸುಮ್ಮನೆ.

ಅತ್ತೆ: ಸುಮ್ಮನೆ ಯಾರಾದ್ರೂ ಸೊಪ್ಪು ಕುಟ್ತಾರೇನೇ? ಯಾರಿಗೆ ಎದೆ ಉರಿ, ಯಾರಿಗೆ ಉರಿಮೂತ್ರ, ಯಾರಿಗೆ ನಿದ್ದೆ ಇಲ್ಲ, ಅದು ಮೊದಲು ಹೇಳು. ಆಮೇಲೆ ಬಗೆ ಒಂದೇ.

ನಿದಿಯಾ: ಗಣಿತದಲ್ಲಿ ಕಾಯಿಲೆ ಇರಲ್ಲ ಅತ್ತೆ.

ಅತ್ತೆ: ಅದಕ್ಕೇ ಅದು ಯಾರಿಗೂ ಬೇಕಾಗಿಲ್ಲ.

ಪಕ್ಕದ ಮನೆಯ ಎಲಾದಿಯೊ ತನ್ನ ಕುರ್ಚಿಯನ್ನು ತಲೆಯ ಮೇಲೆ ಮಗುಚಿ ಹೊತ್ತುಕೊಂಡು ಬೇಲಿಯ ಸಂದಿಯಿಂದ ಒಳಗೆ ಬಂದ. ಒರಳಿನ ಸದ್ದು ಕೇಳಿದರೆ ಅವನಿಗೆ ಬೇರೆ ಕರೆ ಬೇಕಿರಲಿಲ್ಲ. ಅತ್ತೆಯನ್ನು ಊರಿನವರ ಹಾಗೆ ಮರ್ಯಾದೆಗೆ 'ನ್ಯಾ' ಸೇರಿಸಿ ಕರೆಯುತ್ತಿದ್ದ.

ಎಲಾದಿಯೊ: ಏನು ನ್ಯಾ ದೆಯೊಲಿಂದಾ, ಬೆಳಗ್ಗೆ ಬೆಳಗ್ಗೆ ಸೊಸೆ ಮೇಲೆ ಹರಿಹಾಯ್ತಿದೀಯ?

ಅತ್ತೆ: ಅವಳಿಗೆ ಇಪ್ಪತ್ತು ಥರದ ತೆರೆರೆ ಬೇಕಂತೆ.

ಎಲಾದಿಯೊ: ಇಪ್ಪತ್ತಾ! ಹಾಗಾದ್ರೆ ಸಂಜೆವರೆಗೂ ಏಳೋ ಹಾಗಿಲ್ಲ ಅನ್ನು.

ನಿದಿಯಾ ಬೇಲಿಯಾಚೆ ಕಾಣುವ ರಸ್ತೆಯ ತಿರುವಿನ ಕಡೆ ನೋಡಿದಳು. ಕೂತವರಲ್ಲಿ ಎಲ್ಲರಿಗಿಂತ ಚಿಕ್ಕವರು ತೆರೆರೆ ಹಾಕಿಕೊಡಬೇಕು, ಅಂದರೆ ಅವಳೇ. ಯೆರ್ಬಾ ಎಂಬ ಒಣ ಎಲೆ ತುಂಬಿದ ಕೊಂಬಿನ ಲೋಟಕ್ಕೆ ಸೊಪ್ಪಿನ ತಣ್ಣೀರು ಹಾಕಿ ಒಬ್ಬೊಬ್ಬರಿಗೇ ಕೊಡುತ್ತಾ ಹೋಗಬೇಕು. ಕುಡಿದವರು ಲೋಟ ವಾಪಸ್ ಕೊಡುವಾಗ 'ಗ್ರಾಸಿಯಾಸ್' ಅಂದರೆ ಮಾತ್ರ ಅವರಿಗೆ ಸಾಕು ಎಂದರ್ಥ. ಬಾಯಿ ಮುಚ್ಚಿಕೊಂಡು ಕೊಟ್ಟರೆ ಇನ್ನೊಂದು ಬೇಕು. ಎಲ್ಲರೂ ಗ್ರಾಸಿಯಾಸ್ ಅನ್ನುವ ತನಕ ಹಾಕಿಕೊಡುವವಳು ಎದ್ದು ಹೋಗುವ ಹಾಗಿಲ್ಲ. ಎದ್ದವಳನ್ನು ಊರು ಮರೆಯುವುದೂ ಇಲ್ಲ.

ನಿದಿಯಾ: ಬೇಗ ಮುಗಿಸೋಣ ಅತ್ತೆ, ಬಸ್ಸಿಗೆ ಹೋಗಬೇಕು. ಯಾವುದಾದ್ರೂ ಮೂರು ಹಾಕಿ ಕುಟ್ಟಿ. ಯಾವುದನ್ನ ಮೊದಲು ಹಾಕಿದ್ರೂ ಒಂದೇ ತಾನೇ? ಅದಕ್ಕೇ ಇದನ್ನ ವಿಕಲ್ಪ ಅನ್ನೋದು. ಇದರಲ್ಲಿ ಕ್ರಮ ಲೆಕ್ಕಕ್ಕಿಲ್ಲ.

ಅತ್ತೆ: ಕ್ರಮ ಲೆಕ್ಕಕ್ಕಿಲ್ವಾ? ಕೇಳಿಸ್ಕೊಂಡೆಯಾ ಎಲಾದಿಯೊ? ಪುದೀನ ಮೊದಲು ಹಾಕಿ ಕುಟ್ಟಿದ್ರೆ ಕಪ್ಪಗೆ ಲೋಳೆ ಆಗತ್ತೆ. ಗಟ್ಟಿ ಬೇರು ಮೊದಲು, ಹುಲ್ಲು ಆಮೇಲೆ, ಎಲೆ ಕೊನೆಗೆ.

ಎಲಾದಿಯೊ: ಹೊಟ್ಟೆಗೆ ಹೋದ ಮೇಲೆ ಎಲ್ಲ ಒಂದೇ ಬಿಡು.

ಅತ್ತೆ: ನಿನ್ನ ಹೊಟ್ಟೆಗೆ ಒರಳು ಹಾಕಿದ್ರೂ ಒಂದೇ.

ನಿದಿಯಾ: ಆಯ್ತು, ಕ್ರಮವೂ ಮುಖ್ಯ ಅಂತ ಇಟ್ಕೊಳಿ. ಆಗ ಅದು ಕ್ರಮಯೋಜನೆ ಆಗತ್ತೆ. ಇಪ್ಪತ್ತಲ್ಲ, ನೂರಿಪ್ಪತ್ತು.

ಅತ್ತೆ: ನೋಡು, ನೋಡು! ಒಂದು ಮಾತಾಡಿದ್ದಕ್ಕೆ ನೂರಿಪ್ಪತ್ತು ಮಾಡಿದಳು. ಇನ್ನು ನಾನು ಬಾಯಿ ಬಿಡಲ್ಲಮ್ಮ.

ಬಾಯಿ ಬಿಡಲ್ಲ ಅಂದವಳು ಬೇರು ಕುಟ್ಟಿದಳು, ಕುದುರೆಬಾಲ ಕುಟ್ಟಿದಳು, ಪುದೀನವನ್ನು ಕೊನೆಗೆ ಮೆಲ್ಲಗೆ ಜಜ್ಜಿ ಮಂಜುಗಡ್ಡೆ ನೀರಿನ ಹೂಜಿಗೆ ಹಾಕಿ, ಹೂಜಿಯನ್ನು ಸೊಸೆಯ ಕೈಗೆ ಕೊಟ್ಟಳು. ಮೂರು ಕುರ್ಚಿ ಮರದಡಿ ದುಂಡಗೆ ನಿಂತವು.

ನಿದಿಯಾ: ಹೇಗೂ ದುಂಡಗೆ ಕೂತಿದೀವಿ, ಇನ್ನೊಂದು ಲೆಕ್ಕ ಉಳಿದಿದೆ. ಇದೊಂದೇ ನನಗೆ ತಲೆಗೆ ಹತ್ತಿಲ್ಲ. ಮೂರು ಜನ ಸಾಲಾಗಿ ಕೂತ್ರೆ ಆರು ಬಗೆ. ದುಂಡಗೆ ಕೂತ್ರೆ ಎರಡೇ ಅಂತೆ. ಯಾಕೆ?

ಅತ್ತೆ: ಇಪ್ಪತ್ತರಿಂದ ಎರಡಕ್ಕೆ ಇಳಿದಳು. ಇನ್ನು ಸ್ವಲ್ಪ ಹೊತ್ತು ಕೂರಿಸಿದ್ರೆ ಒಂದಕ್ಕೆ ಬರ್ತಾಳೆ.

ನಿದಿಯಾ: ತಮಾಷೆ ಬೇಡ ಅತ್ತೆ. ಎಲ್ಲರೂ ಎದ್ದೇಳಿ. ಒಂದೊಂದು ಕುರ್ಚಿ ಬಲಕ್ಕೆ ಸರಿದು ಕೂತ್ಕೊಳಿ. ನೋಡಿ, ಏನಾದ್ರೂ ಬದಲಾಯ್ತಾ? ಮೊದಲೂ ನನ್ನ ಬಲಕ್ಕೆ ನೀವು, ಎಡಕ್ಕೆ ಎಲಾದಿಯೊ ಮಾಮ. ಈಗಲೂ ಹಾಗೇ. ಅದಕ್ಕೆ ಇದನ್ನ ಬೇರೆ ಬಗೆ ಅಂತ ಎಣಿಸಬಾರದಂತೆ.

ಎಲಾದಿಯೊ: ಎಣಿಸಲೇಬೇಕು! ಬಿಸಿಲು ಈಗ ನನ್ನ ಬೋಳು ತಲೆ ಮೇಲೇ ಬಿದ್ದಿದೆ. ಮೊದಲು ನೆರಳಿತ್ತು.

ನಿದಿಯಾ: ಪುಸ್ತಕದಲ್ಲಿ ಬಿಸಿಲಿಲ್ಲ ಮಾಮ.

ಎಲಾದಿಯೊ: ಹಾಗಾದ್ರೆ ಬರೆದವನು ಪರಾಗ್ವೆಯವನಲ್ಲ.

ಅತ್ತೆ: ಕುರ್ಚಿ ಬದಲಾಯಿಸಿದ್ರೆ ಏನು ಬಂತು? ಲೋಟ ಹೂಜಿ ಹಿಡಿದವಳ ಬಲಕ್ಕೆ ಹೊರಡತ್ತೆ. ಅವಳು ಎಲ್ಲಿ ಕೂತ್ಲೋ ಅಲ್ಲಿಂದ ಶುರು. ಅವಳೊಬ್ಬಳು ಕದಲಬಾರದು ಅಷ್ಟೆ.

ನಿದಿಯಾ ತನ್ನ ಕೈಯ ಹೂಜಿಯನ್ನು ನೋಡಿದಳು, ಪುಸ್ತಕವನ್ನು ನೋಡಿದಳು. 'ಒಬ್ಬರನ್ನು ಸ್ಥಿರವಾಗಿ ಕೂರಿಸಿ ಉಳಿದವರನ್ನು ಜೋಡಿಸಿ' ಎಂದು ಅಲ್ಲಿ ಇತ್ತು. ಆ ಒಬ್ಬರು ಯಾರು ಎಂದು ವಾರವೆಲ್ಲ ತಲೆ ಕೆಡಿಸಿಕೊಂಡಿದ್ದಳು.

ನಿದಿಯಾ: ಓ! ಕದಲದವಳು ನಾನೇ! ಉಳಿದದ್ದು ನೀವಿಬ್ಬರು. ಮೊದಲ ಲೋಟ ನಿಮಗೆ, ಇಲ್ಲಾ ಮಾಮನಿಗೆ. ಎರಡೇ ಬಗೆ!

ಅತ್ತೆ: ಎರಡು ಎಲ್ಲಿಂದ ಬಂತು? ಮೊದಲು ನನಗೆ.

ಎಲಾದಿಯೊ: ಮೊದಲ ಲೋಟ ವಯಸ್ಸಾದವರಿಗೆ ಅನ್ನೋದಾದ್ರೆ ತಗೋ ತಾಯಿ, ನಾನು ಬೇಡ ಅನ್ನಲ್ಲ.

ಅತ್ತೆ: ಏಯ್, ಯಾರಿಗೆ ವಯಸ್ಸಾಗಿರೋದು? ನಿನಗಿಂತ ಚಿಕ್ಕವಳು ನಾನು. ಹೆಂಗಸು ಅಂತ ನನಗೆ ಮೊದಲು.

ಎಲಾದಿಯೊ: ಚಿಕ್ಕವಳಂತೆ! ಕೇಳಮ್ಮ ನಿದಿಯಾ, ನೀನೇ ಸಾಕ್ಷಿ. ಇದನ್ನ ಮರೀಬೇಡ.

ನಿದಿಯಾ ಜಗಳಕ್ಕೆ ಕಿವಿಗೊಡದೆ ಮೊದಲ ನೀರನ್ನು ಲೋಟಕ್ಕೆ ಹುಯ್ದು ಹಾಗೇ ಹಿಡಿದುಕೊಂಡಳು. ಒಣ ಎಲೆ ಆ ನೀರನ್ನು ತಾನೇ ಹೀರಿಬಿಡುತ್ತದೆ. ಅದು ಸಂತ ತೋಮಸನ ಪಾಲು, ಅದಕ್ಕೆ ಯಾರೂ ಬಾಯಿ ಹಾಕುವುದಿಲ್ಲ.

ಎಲಾದಿಯೊ: ಅಲ್ಲಾ, ಸಂತ ತೋಮಸನನ್ನ ಲೆಕ್ಕಕ್ಕೆ ತಗೊಂಡೆಯಾ? ಅವನೂ ಕುಡಿದನಲ್ಲ?

ನಿದಿಯಾ: ಅಯ್ಯೋ ದೇವರೇ! ನಾಲ್ಕು ಜನ ಆದ್ರೆ ಆರು ಬಗೆ.

ಅತ್ತೆ: ಅದು ಹೇಗೆ? ಅವನು ಯಾವತ್ತೂ ಮೊದಲೇ ಕುಡಿಯೋದು. ಸಂತನ ಸರದಿ ಹಿಂದೆ ಮುಂದೆ ಮಾಡೋ ಎದೆಗಾರಿಕೆ ನಿನ್ನ ಮೇಷ್ಟರಿಗಿದೆಯಾ?

ನಿದಿಯಾ: ಹೌದಲ್ವಾ! ನಾನೂ ಕದಲಲ್ಲ, ಸಂತನೂ ಕದಲಲ್ಲ. ಮತ್ತೆ ಎರಡೇ!

ಖುಷಿಗೆ ಅವಳ ಕಾಲು ಜೋರಾಗಿ ತೂಗಿ, ಅರಾಮಿ ಕಣ್ಣು ಬಿಟ್ಟು ಮತ್ತೆ ಮುಚ್ಚಿತು. ಲೋಟ ಅತ್ತೆಗೆ ಹೋಯಿತು, ಮಾಮನಿಗೆ ಹೋಯಿತು, ಮತ್ತೆ ಅತ್ತೆಗೆ. ನೆರಳು ಕುರ್ಚಿಗಳಡಿ ಸರಿಯಿತು. ಗ್ರಾಸಿಯಾಸ್ ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

ನಿದಿಯಾ: ಅತ್ತೆ, ಸಾಕಲ್ವಾ?

ಅತ್ತೆ: ಬಾಯಾರಿಕೆ ಕಣೇ. ಸೆಕೆ ಹಾಗಿದೆ.

ನಿದಿಯಾ: ಮಾಮ, ನೀವು?

ಎಲಾದಿಯೊ: ಕೊಡ್ತಿದ್ರೆ ಕುಡೀತೀನಿ. ನನ್ನದೇನಿದೆ, ಮನೇಲಿ ಯಾರು ಕಾಯ್ತಿದಾರೆ?

ಇನ್ನೊಂದು ಸುತ್ತಾಯಿತು. ಅತ್ತೆ ನಡುವೆ ಎದ್ದು ಹಿತ್ತಿಲಿಗೆ ಹೋಗಿ ಬಂದಳು. ಬಂದು ಕೂತವಳೇ ಲೋಟಕ್ಕೆ ಕೈ ಚಾಚಿದಳು. ಕುಡಿದು ಮತ್ತೆ ಹಿತ್ತಿಲಿಗೆ ಹೋದಳು.

ಎಲಾದಿಯೊ: ಇದೇನು ನ್ಯಾ ದೆಯೊಲಿಂದಾ, ಈ ಕಡೆ ಹಾಕಿ ಆ ಕಡೆ ತೆಗೀತಿದೀಯ?

ಅತ್ತೆ: ಮೂತ್ರ ಇಳಿಸೋ ಕುದುರೆಬಾಲ ಜಾಸ್ತಿ ಬಿತ್ತು. ನಿನ್ನ ಕೆಲಸ ನೋಡ್ಕೋ. ಕೊಡೇ ಇನ್ನೊಂದು.

ಅವಳು ಲೋಟದ ಹೀರುಕೊಳವೆಯನ್ನು ತುಟಿಗೆ ಇಟ್ಟಳು, ಆದರೆ ನೀರು ಇಳಿಯಲಿಲ್ಲ. ಸುಮ್ಮನೆ ಕಚ್ಚಿಕೊಂಡು ಕೂತಿದ್ದಳು. ಅವಳ ಕಣ್ಣು ಮಾತ್ರ ತೂಗುಮಂಚದ ಮೇಲಿತ್ತು. ನಿದಿಯಾಳಿಗೆ ಆಗ ಹೊಳೆಯಿತು.

ನಿದಿಯಾ: ನಿಮಗೆ ಬಾಯಾರಿಕೆ ಅಲ್ಲ ಅತ್ತೆ. ನನ್ನ ಬಸ್ಸು ತಪ್ಪಲಿ ಅಂತ ಕುಡೀತಿದೀರ.

ಅತ್ತೆ: ಪಾಸಾದ್ರೆ ಏನು ಮಾಡ್ತೀಯ?

ನಿದಿಯಾ: ನರ್ಸಿಂಗ್ ಸೇರ್ತೀನಿ. ನಿಮಗೆ ಗೊತ್ತಿರೋದೇ.

ಅತ್ತೆ: ಎಲ್ಲಿ?

ನಿದಿಯಾ: ರಾಜಧಾನೀಲಿ, ಅಸುನ್ಸಿಯೋನ್‌ನಲ್ಲಿ.

ಅತ್ತೆ: ಅರಾಮಿ?

ನಿದಿಯಾ: ಹಾಲು ಕುಡಿಯೋ ಕೂಸು, ನನ್ನ ಜೊತೆಗೇ ಬರತ್ತೆ.

ಅತ್ತೆ: ಮಗ ದೂರದ ಚಾಕೋದಲ್ಲಿ ದನ ಕಾಯ್ತಾನೆ. ಸೊಸೆ ಅಸುನ್ಸಿಯೋನ್‌ನಲ್ಲಿ ಸೂಜಿ ಚುಚ್ತಾಳೆ. ನಾನು ಇಲ್ಲಿ ಕೋಳಿಗಳಿಗೆ ಲಾಲಿ ಹಾಡ್ತೀನಿ. ಸರಿ, ಇನ್ನೊಂದು ಲೋಟ ಕೊಡು.

ನಿದಿಯಾ: ನೀವೂ ಬನ್ನಿ ಅನ್ನೋಣ ಅಂದ್ರೆ, ಈ ಮಾವಿನ ಮರ ಬಿಟ್ಟು ಬರಲ್ಲ ಅಂದ್ಕೊಂಡೆ.

ಅತ್ತೆ: ಕೇಳಿದೆಯಾ?

ನಿದಿಯಾ: ಇಲ್ಲ.

ಅತ್ತೆ: ನೂರಿಪ್ಪತ್ತು ಬಗೆಯ ಪ್ರಶ್ನೆ ಕೇಳೋಕೆ ಬಾಯಿದೆ, ಇದೊಂದು ಕೇಳೋಕೆ ಇರಲಿಲ್ಲ.

ದೂರದಲ್ಲಿ ಸೇತುವೆಯ ಹತ್ತಿರ ಬಸ್ಸು ಹಾರ್ನ್ ಹೊಡೆಯಿತು. ಎಲಾದಿಯೊ ತನ್ನ ಚಪ್ಪಲಿಯನ್ನೇ ದಿಟ್ಟಿಸುತ್ತ ಕೂತ. ನಿದಿಯಾ ಹೂಜಿಯನ್ನು ಮಡಿಲಲ್ಲಿಟ್ಟು ಅತ್ತೆಯ ಕಡೆ ಬಾಗಿದಳು.

ನಿದಿಯಾ: ಈಗ ಕೇಳ್ತೀನಿ. ಗಣಿತದ್ದೇ ಪ್ರಶ್ನೆ, ತಪ್ಪು ಹೇಳಬೇಡಿ. ನಾನು, ನೀವು, ಅರಾಮಿ. ಮೂವರಲ್ಲಿ ಇಬ್ಬರು ಹೋಗಬೇಕು. ಎಷ್ಟು ಬಗೆ?

ಅತ್ತೆ: ನೀನು, ಮಗು. ನೀನು, ನಾನು. ನಾನು, ಮಗು. ಮೂರು. ಮೂರರಲ್ಲೂ ಯಾರೋ ಒಬ್ಬರು ಅಳ್ತಾ ಹಿಂದೆ ಉಳೀತಾರೆ. ಕೆಟ್ಟ ಲೆಕ್ಕ.

ನಿದಿಯಾ: ಮೂವರಲ್ಲಿ ಮೂವರೂ ಹೋದ್ರೆ?

ಅತ್ತೆ ಬೆರಳು ಮಡಿಸಲು ಹೋಗಿ ನಿಲ್ಲಿಸಿದಳು. ಸೆರಗಿಲ್ಲದ ಊರು, ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು.

ಅತ್ತೆ: ಒಂದೇ.

ನಿದಿಯಾ: ಬೆಳಗ್ಗೆಯಿಂದ ಇದೊಂದು ಉತ್ತರ ಸರಿಯಾಗಿ ಹೇಳಿದ್ರಿ.

ಅತ್ತೆ: ಬೆಳಗ್ಗೆಯಿಂದ ಅದನ್ನೇ ತಾನೇ ಹೇಳ್ತಿರೋದು? ಪ್ರಶ್ನೆ ನೀನು ತಪ್ಪು ಕೇಳ್ತಿದ್ದೆ. ತಗೋ ಲೋಟ. ಗ್ರಾಸಿಯಾಸ್. ಏಳು, ಓಡು! ಅಡುಗೆಮನೇಲಿ ಚಿಪಾ ರೊಟ್ಟಿ ಬಟ್ಟೇಲಿ ಕಟ್ಟಿಟ್ಟಿದೀನಿ, ತಗೊಂಡು ಹೋಗು. ಖಾಲಿ ಹೊಟ್ಟೇಲಿ ಇಪ್ಪತ್ತೂ ಬರಲ್ಲ, ಎರಡೂ ಬರಲ್ಲ.

ರೊಟ್ಟಿ ಇನ್ನೂ ಬಿಸಿಯಿತ್ತು. ತಪ್ಪಿಸಬೇಕೆಂದಿದ್ದ ಬಸ್ಸಿಗೆ ಬುತ್ತಿ ಕಟ್ಟಿಟ್ಟ ಅತ್ತೆಯ ಲೆಕ್ಕ ಯಾವ ಪಾಠದಲ್ಲೂ ಇರಲಿಲ್ಲ. ನಿದಿಯಾ ಮಗುವಿನ ಹಣೆಗೆ ಮುತ್ತಿಟ್ಟು, ಚೀಲ ಹೆಗಲಿಗೇರಿಸಿದಳು.

ಎಲಾದಿಯೊ: ನಿಲ್ಲು, ನಿಲ್ಲು! ನಾನಿನ್ನೂ ಗ್ರಾಸಿಯಾಸ್ ಅಂದಿಲ್ಲ. ಹೂಜಿಯಲ್ಲಿ ಇನ್ನೂ ಅರ್ಧ ಇದೆ. ಹಾಕಿಕೊಡೋರು ಯಾರು?

ನಿದಿಯಾ: ಉಳಿದವರಲ್ಲಿ ಚಿಕ್ಕವರು ಯಾರೋ ಅವರು, ಮಾಮ. ನಾನೇ ಸಾಕ್ಷಿ, ಮರೆತಿಲ್ಲ!

ಹೂಜಿಯನ್ನು ಇಬ್ಬರ ನಡುವೆ ನೆಲದ ಮೇಲಿಟ್ಟು ಅವಳು ಓಡಿದಳು. ಬಸ್ಸು ತಿರುವಿನಲ್ಲಿ ಕೆಂಪು ಧೂಳೆಬ್ಬಿಸಿ ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಾಗಲೂ ಬೇಲಿಯಾಚೆಯ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

ಎಲಾದಿಯೊ: ಎತ್ತಮ್ಮ ಹೂಜಿ, ಚಿಕ್ಕವಳು ನೀನೇ ತಾನೇ?

ಕುರ್ಚಿ ಕಿರ್ರೆಂದ ಸದ್ದಾಯಿತು.

ಅತ್ತೆ: ಲೋ ಎಲಾದಿಯೊ, ಬಾಯಿ ಮುಚ್ಚಿಕೊಂಡು ಹಾಕ್ಕೊಂಡು ಕುಡಿ. ನೀನು ಹುಟ್ಟಿದಾಗ ನಿಮ್ಮಮ್ಮನ ಬಾಣಂತನಕ್ಕೆ ಈ ಒರಳಲ್ಲಿ ಸೊಪ್ಪು ಕುಟ್ಟಿಕೊಟ್ಟವಳೇ ನಾನು!